ಕಾರ್ನ್‌ವಾಲಿಸ್‌ ಎರಡೂ ಕಡೆ ಇದ್ದಾನಲ್ಲ!

ಅಕ್ಕ, ಐರ್ಲೆಂಡ್‌ನ ಶಾಲೆಯಲ್ಲಿ ಓದುವ ಮಗಳು ಐರಿಷ್ ದಂಗೆಯ ನಾಯಕ ವುಲ್ಫ್ ಟೋನ್ ಬಗ್ಗೆ ಪಟಪಟನೆ ಹೇಳುತ್ತಾಳೆ, ಶ್ರೀರಂಗಪಟ್ಟಣ ಎಂದರೆ ಪಿಳಿಪಿಳಿ ನೋಡುತ್ತಾಳೆ ಎಂದು ಬೇಸರಪಟ್ಟುಕೊಂಡಿದ್ದೀರಿ. ಅದಕ್ಕೆ ಪ್ರತ್ಯೇಕ ಪಾಠ ಶುರುಮಾಡಿ ಎಂದು ಇಲ್ಲಿ ಕೆಲವರು ಹೇಳಿದ್ದನ್ನು ನಾನು ಒಪ್ಪುವುದಿಲ್ಲ. ಶಾಲೆಯಲ್ಲಿ ಕಲಿತು ಬಂದ, ಬ್ರಿಟಿಷ್ ಆಳ್ವಿಕೆಯ ವಿರುದ್ಧದ 1798ರ ಐರಿಷ್ ದಂಗೆಯಿಂದಲೇ ಮೈಸೂರಿಗೆ ದಾರಿಯಿದೆ.

1791ರ ಮಾರ್ಚ್‌ನಲ್ಲಿ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಬೆಂಗಳೂರಿನ ಕೋಟೆ ಹಿಡಿದ. ಮರುವರ್ಷ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ, ಟಿಪ್ಪುವಿನಿಂದ ಅರ್ಧ ರಾಜ್ಯವನ್ನೂ ಇಬ್ಬರು ಮಕ್ಕಳನ್ನು ಒತ್ತೆಯಾಗಿಯೂ ಪಡೆದ. ಅದೇ 1791ರ ಅಕ್ಟೋಬರ್‌ನಲ್ಲಿ ಬೆಲ್‌ಫಾಸ್ಟ್‌ನಲ್ಲಿ ಯುನೈಟೆಡ್ ಐರಿಷ್‌ಮೆನ್ ಸಂಘ ಹುಟ್ಟಿತು. ಕ್ಯಾಥೊಲಿಕ್, ಪ್ರಾಟೆಸ್ಟೆಂಟ್ ಎನ್ನದೆ ಎಲ್ಲರೂ ಐರಿಷರಾಗಬೇಕು ಎಂಬುದು ಅವರ ಹಂಬಲ. ಏಳು ವರ್ಷಗಳ ಬಳಿಕ ದಂಗೆ ಎದ್ದಾಗ, ಅದನ್ನು ಅಡಗಿಸಲು ಲಂಡನ್ ಡಬ್ಲಿನ್‌ಗೆ ಕಳುಹಿಸಿದ್ದು ಯಾರನ್ನು? ಇದೇ ಕಾರ್ನ್‌ವಾಲಿಸ್‌ನನ್ನು, ವೈಸರಾಯ್ ಮತ್ತು ದಂಡನಾಯಕ ಎರಡೂ ಆಗಿ.

ಅವನು ಬಂದ ಮರುದಿನವೇ, ಜೂನ್ 21ರಂದು, ವೆಕ್ಸ್‌ಫರ್ಡ್‌ನ ವಿನಿಗರ್ ಹಿಲ್‌ನಲ್ಲಿ ದಂಗೆಕೋರರು ಸೋತರು. ಆಗಸ್ಟ್‌ನಲ್ಲಿ ದಂಗೆಕೋರರ ನೆರವಿಗೆ ಫ್ರಾನ್ಸ್‌ನ ಜನರಲ್ ಹಂಬರ್ಟ್ ಸುಮಾರು ಸಾವಿರ ಫ್ರೆಂಚ್ ಸೈನಿಕರೊಂದಿಗೆ ಮೇಯೊ ಕರಾವಳಿಯ ಕಿಲಾಲಾದಲ್ಲಿ ಇಳಿದ. ಕ್ಯಾಸಲ್‌ಬಾರ್‌ನಲ್ಲಿ ಸರ್ಕಾರದ ಪಡೆ ಎಂಥ ಓಟ ಕಿತ್ತಿತೆಂದರೆ, ಜನ ಇಂದಿಗೂ ಆ ಕದನವನ್ನು ‘ಕ್ಯಾಸಲ್‌ಬಾರ್ ರೇಸಸ್’ ಎನ್ನುತ್ತಾರೆ. ಮಕ್ಕಳಿಗೆ ಈ ಭಾಗ ಬಹಳ ಇಷ್ಟ. ಸೆಪ್ಟೆಂಬರ್ 8ರ ಬ್ಯಾಲಿನಮಕ್ ಕದನ ಬೇರೆಯದೇ ಕಥೆ: ಶರಣಾದ ಫ್ರೆಂಚರು ಯುದ್ಧಕೈದಿಗಳಾಗಿ ಉಳಿದುಕೊಂಡರು, ಜೊತೆಗಿದ್ದ ಐರಿಷರನ್ನು ಕೊಚ್ಚಿಹಾಕಲಾಯಿತು.

ಇದನ್ನು ನಾಯಕ–ಖಳನಾಯಕರ ಕಥೆ ಮಾಡಬೇಡಿ ಎಂಬುದಷ್ಟೇ ನನ್ನ ಕೋರಿಕೆ. ವೆಕ್ಸ್‌ಫರ್ಡ್‌ನ ಸ್ಕಲ್ಲಬೋಗ್‌ನ ಕಣಜದಲ್ಲಿ ನೂರಕ್ಕೂ ಹೆಚ್ಚು ಜನರನ್ನು ಸುಟ್ಟು ಕೊಂದವರು ದಂಗೆಕೋರರು. ತನ್ನ ಪಡೆಗಳ ಕ್ರೌರ್ಯದ ಬಗ್ಗೆ ಹೇಸಿಕೊಂಡು ಪತ್ರ ಬರೆದವನು ಕಾರ್ನ್‌ವಾಲಿಸ್. ಟಿಪ್ಪುವಿನ ಹೆಸರೆತ್ತಿದರೆ ನಮ್ಮಲ್ಲೇ ಕೊಡಗಿನ ಮನೆಗಳಲ್ಲಿ ಬೇರೆ ಉತ್ತರ ಬರುತ್ತದೆ. ಅದನ್ನೂ ಮಗು ಕೇಳಲಿ. ಸ್ಕಲ್ಲಬೋಗ್ ಮಾತ್ರ ಹತ್ತು ವರ್ಷ ದಾಟುವವರೆಗೆ ಬೇಡ.

ಇನ್ನೊಂದು ತೊಡಕೂ ಇದೆ. 1799ರ ಶ್ರೀರಂಗಪಟ್ಟಣದ ಯುದ್ಧದಲ್ಲಿ ಹೋರಾಡಿ, ಬಳಿಕ ಅಲ್ಲಿನ ಆಡಳಿತ ನೋಡಿಕೊಂಡ ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ (ಮುಂದೆ ಡ್ಯೂಕ್ ಆಫ್ ವೆಲ್ಲಿಂಗ್ಟನ್) ಡಬ್ಲಿನ್‌ನಲ್ಲೇ ಹುಟ್ಟಿದವನು. ಡಬ್ಲಿನ್‌ನ ಫೀನಿಕ್ಸ್ ಪಾರ್ಕಿನ ಎತ್ತರದ ಸ್ತಂಭ ಅವನ ಸ್ಮಾರಕವೇ. ಭಾನುವಾರ ಅಲ್ಲಿಗೆ ಕರೆದುಕೊಂಡು ಹೋಗಿ, ಬುಡದಲ್ಲಿರುವ ಕಂಚಿನ ಫಲಕಗಳಲ್ಲಿ ಭಾರತದ ಯುದ್ಧಗಳದ್ದನ್ನು ಮಗಳೇ ಹುಡುಕಲಿ.