ಆರ್‌ಎಂಎಸ್‌ಎಸ್‌ಡಿ (ಬಡಿತದಿಂದ ಬಡಿತಕ್ಕೆ ಅಂತರ ಎಷ್ಟು ಬದಲಾಗುತ್ತೆ ಅನ್ನೋ ಅಳತೆ) 35 ಬರಬೇಕಾದಲ್ಲಿ 80 ಬರ್ತಿದೆ, ಎಲ್ಲಿ ನೋಡಲಿ?

ಮಿಡಿತ_ಕೋಡ್: ಪೋಲಾರ್ ಎಚ್10 ಎದೆಪಟ್ಟಿಯ ಬ್ಲೂಟೂತ್ ಡೇಟಾ, ಪೈಥಾನ್. 5 ನಿಮಿಷ, ಸುಮಾರು 350 ಬಡಿತ. ತಪ್ಪು ಬಡಿತಗಳ ತಿದ್ದುಪಡಿ ಆನ್ ಇಟ್ಟರೆ ಕುಬಿಯೋಸ್ (ಹೃದಯ ಬಡಿತ ವಿಶ್ಲೇಷಿಸುವ ಸಾಫ್ಟ್‌ವೇರ್) 35 ಮಿ.ಸೆ. ತೋರಿಸುತ್ತೆ, ನನ್ನದು 80. ಸೂತ್ರ ಸರಿಯಿದೆ. ಎಲ್‌ಎಫ್, ಎಚ್‌ಎಫ್ (ಬಡಿತದ ಏರಿಳಿತದಲ್ಲಿ ಕಡಿಮೆ ಮತ್ತು ಹೆಚ್ಚು ಆವರ್ತನದ ಪಾಲು) ಕೂಡ ತಾಳೆಯಾಗ್ತಿಲ್ಲ. ಆರ್‌ಆರ್ (ಎರಡು ಬಡಿತಗಳ ನಡುವಿನ ಸಮಯ) ಪಟ್ಟಿಗೆ ನೇರವಾಗಿ ಎಫ್‌ಎಫ್‌ಟಿ (ಆವರ್ತನಗಳಾಗಿ ಬಿಡಿಸುವ ಲೆಕ್ಕ) ಹಾಕಿದೀನಿ.

ಲಯಗಾರ: ಮೊದಲು ಆರ್‌ಆರ್ ಗ್ರಾಫ್ ಬಿಡಿಸಿ ನೋಡಿ. ಎಕ್ಟೋಪಿಕ್ ಬಡಿತ (ಲಯ ತಪ್ಪಿ ಬೇಗ ಬರುವ ಬಡಿತ) ಇರಬೇಕು. 800, 810, 500, 1110, 805 ಅಂತಿದ್ದರೆ ವ್ಯತ್ಯಾಸಗಳು 10, −310, 610, −305. ವರ್ಗ ಮಾಡಿದ ಮೇಲೆ ಈ ಒಂದೇ ಬಡಿತ 35 ಇದ್ದದ್ದನ್ನು 53ಕ್ಕೆ ಏರಿಸುತ್ತೆ. ಮೂರಿದ್ದರೆ 78ರ ಹತ್ತಿರ.

ಸುತ್ತಲಿನ 11 ಬಡಿತಗಳ ಮೀಡಿಯನ್‌ಗಿಂತ 20% ಆಚೆ ಇರುವುದನ್ನು ಗುರುತಿಸಿ. ಆದರೆ ಪಟ್ಟಿಯಿಂದ ಅಳಿಸಬೇಡಿ: 500 ಮಾತ್ರ ತೆಗೆದರೆ 810ರ ಪಕ್ಕ 1110 ಬಂದು ಕೂರುತ್ತೆ, ಮತ್ತೆ 300ರ ಜಿಗಿತ. ಆ ಜಾಗಕ್ಕೆ ನ್ಯಾನ್ (ಬೆಲೆ ಇಲ್ಲ ಅನ್ನೋ ಗುರುತು) ಹಾಕಿ, ಅದು ಸೇರಿದ ಜೋಡಿಗಳನ್ನೆಲ್ಲ ಲೆಕ್ಕದಿಂದ ಬಿಡಿ. ಉಸಿರಾಟದ ಏರಿಳಿತ ಜೋರಾಗಿರುವ ಹುಡುಗರಲ್ಲಿ 20% ಮಿತಿ ನಿಜವಾದ ಬಡಿತವನ್ನೂ ಕತ್ತರಿಸಬಹುದು, ಎಚ್ಚರ.

ಮಿಡಿತ_ಕೋಡ್: ಮೂರೇ ಇದ್ದವು! ಈಗ 35.8. ಉಳಿದದ್ದು ರೌಂಡಿಂಗಾ?

ಬೈಟು_ಕಾಫಿ: ರೌಂಡಿಂಗ್ ಅಲ್ಲ. ಬ್ಲೂಟೂತ್‌ನಲ್ಲಿ ಹೃದಯ ಬಡಿತ ಕಳಿಸುವ 2ಎ37 ಕ್ಯಾರೆಕ್ಟರಿಸ್ಟಿಕ್‌ನಲ್ಲಿ ಆರ್‌ಆರ್ ಬರೋದು 1/1024 ಸೆಕೆಂಡಿನ ಲೆಕ್ಕದಲ್ಲಿ, ಮಿಲಿಸೆಕೆಂಡಲ್ಲ. 1000/1024ರಿಂದ ಗುಣಿಸಿ, 34.96 ಬರುತ್ತೆ. ಹಾಗೇ ಒಂದು ಪ್ಯಾಕೆಟ್‌ನಲ್ಲಿ ಎರಡು ಆರ್‌ಆರ್ ಇರಬಹುದು, ಒಂದೂ ಇಲ್ಲದಿರಬಹುದು. ಮೊದಲನೆಯದನ್ನಷ್ಟೇ ಓದಿದರೆ ಬಡಿತ ಸದ್ದಿಲ್ಲದೆ ಕಳೆದುಹೋಗುತ್ತೆ. ಆರ್‌ಆರ್‌ಗಳ ಮೊತ್ತ 300 ಸೆಕೆಂಡಿಗೆ ಹೊಂದುತ್ತಾ ನೋಡಿ.

ಲಯಗಾರ: ಎಫ್‌ಎಫ್‌ಟಿ ವಿಷಯ. ಆರ್‌ಆರ್ ಬಿಂದುಗಳು ಸಮಾನ ಕಾಲಾಂತರದಲ್ಲಿ ಇರಲ್ಲ, ಹಾಗಾಗಿ ನಿಮ್ಮ ಅಕ್ಷದಲ್ಲಿರೋದು ಹರ್ಟ್ಜ್ ಅಲ್ಲ, ಪ್ರತಿ ಬಡಿತಕ್ಕೆ ಎಷ್ಟು ಆವರ್ತ ಅನ್ನೋದು. ಆರ್‌ಆರ್‌ಗಳನ್ನು ಕೂಡುತ್ತಾ ಹೋಗಿ ಕಾಲದ ಅಕ್ಷ ಮಾಡಿ (ಪ್ಯಾಕೆಟ್ ಬಂದ ಸಮಯ ಬಳಸಬೇಡಿ, ಬ್ಲೂಟೂತ್ ತಡ ಸೇರಿಕೊಳ್ಳುತ್ತೆ). ನ್ಯಾನ್ ಜಾಗಗಳನ್ನು ಇಂಟರ್‌ಪೊಲೇಟ್ ಮಾಡಿ (ಅಕ್ಕಪಕ್ಕದ ಬೆಲೆಗಳಿಂದ ತುಂಬಿ), ಕ್ಯೂಬಿಕ್ ಸ್ಪ್ಲೈನ್‌ನಲ್ಲಿ 4 ಹರ್ಟ್ಜ್‌ಗೆ, ಅಂದರೆ ಸೆಕೆಂಡಿಗೆ 4 ಸಮಾನ ಬಿಂದುಗಳಿಗೆ ತನ್ನಿ, ಟ್ರೆಂಡ್ ತೆಗೆದು 512 ಬಿಂದುಗಳ ವೆಲ್ಚ್ (ತುಂಡು ತುಂಡಾಗಿ ಎಫ್‌ಎಫ್‌ಟಿ ಮಾಡಿ ಸರಾಸರಿ ತೆಗೆಯುವ ವಿಧಾನ) ಹಾಕಿ. ಬಡಿತದ ಏರಿಳಿತ ಅಳೆಯಲು ಮಾನದಂಡ ಕೊಟ್ಟ 1996ರ ಟಾಸ್ಕ್ ಫೋರ್ಸ್ ಪ್ರಕಾರ ಎಲ್‌ಎಫ್ 0.04–0.15, ಎಚ್‌ಎಫ್ 0.15–0.4 ಹರ್ಟ್ಜ್.

ಉಸಿರಾಟದ ದರ ಬರೆದಿಡದೆ ಎಲ್‌ಎಫ್/ಎಚ್‌ಎಫ್ ಅನುಪಾತವನ್ನು 'ಒತ್ತಡದ ಅಂಕ' ಅಂತ ಪರದೆ ಮೇಲೆ ತೋರಿಸಬೇಡಿ. ನಿಮಿಷಕ್ಕೆ 6 ಉಸಿರಿನ ಪ್ರಾಣಾಯಾಮ ಮಾಡುವವರ ಉಸಿರಾಟದ ಶಿಖರ 0.1 ಹರ್ಟ್ಜ್‌ಗೆ ಬೀಳುತ್ತೆ, ಅಂದರೆ ಎಲ್‌ಎಫ್ ಒಳಗೆ, ಅನುಪಾತ ಏರುತ್ತೆ. ಆರಾಮಾಗಿ ಕೂತವರಿಗೆ ನಿಮ್ಮ ಆ್ಯಪ್ ಒತ್ತಡ ಅಂತ ಹೇಳುತ್ತೆ.