ಫ್ಲೀಟ್‌ವುಡ್ ಮ್ಯಾಕ್ ಎಂಬ ರಾಕ್ ತಂಡದ ‘ಟಸ್ಕ್’ ಆಲ್ಬಮ್ ನನಗೆ ಅರ್ಧ ಮಾತ್ರ ಹಿಡಿಸಿದೆ. ನಿಮಗೆ?

ಸಂಜೆಮಲ್ಲಿಗೆ:
ಇದೇ ತಂಡದ ‘ರೂಮರ್ಸ್’ ಆಲ್ಬಮನ್ನು ಇಪ್ಪತ್ತು ವರ್ಷಗಳಿಂದ ಕೇಳುತ್ತಿದ್ದೇನೆ. ಸೊಪ್ಪು ಬಿಡಿಸುವಾಗಲೂ ಅದೇ, ಮಳೆಗಾಲದ ಮಧ್ಯಾಹ್ನಕ್ಕೂ ಅದೇ. ಅದರ ನಂತರ 1979ರಲ್ಲಿ ಬಂದ ‘ಟಸ್ಕ್’ ಮಾತ್ರ ಹೇಗೋ ತಪ್ಪಿಹೋಗಿತ್ತು. ಕಳೆದ ತಿಂಗಳು ಭಾವ ತಮ್ಮ ಹಳೆಯ ಎಲ್‌ಪಿಗಳನ್ನು, ಅಂದರೆ ಗ್ರಾಮಫೋನ್ ತಟ್ಟೆಗಳನ್ನು, ನನಗೆ ಕೊಟ್ಟರು, ಅವುಗಳಲ್ಲಿ ಇದೂ ಇತ್ತು. ಎರಡು ತಟ್ಟೆ, ಇಪ್ಪತ್ತು ಹಾಡು. ಹೊದಿಕೆಯ ಮೇಲೆ ಪ್ಯಾಂಟಿನ ಕಾಲನ್ನು ಕಚ್ಚಿ ಎಳೆಯುತ್ತಿರುವ ನಾಯಿ.

ಮೊದಲ ಹಾಡು ‘ಓವರ್ ಅಂಡ್ ಓವರ್’. ತಂಡದ ಗಾಯಕಿ ಕ್ರಿಸ್ಟೀನ್ ಮ್ಯಾಕ್‌ವಿಯವರ ಆತುರವಿಲ್ಲದ ದನಿ ಕೇಳಿ ಕಣ್ಣು ಮುಚ್ಚಿ ಕುಳಿತೆ. ಅದು ಮುಗಿದು ‘ದ ಲೆಜ್’ ಬಂದಾಗ ತಟ್ಟೆಯೇ ಕೆಟ್ಟಿದೆ ಎಂದುಕೊಂಡು ಸೂಜಿ ಎತ್ತಿ ನೋಡಿದೆ. ದನಿ ಗೋಡೆಯಾಚೆಯಿಂದ ಬಂದ ಹಾಗೆ, ತಾಳ ರಟ್ಟಿನ ಪೆಟ್ಟಿಗೆಗೆ ಬಡಿದ ಹಾಗೆ. ಇದನ್ನು ಬರೆದವರು ತಂಡದ ಗಿಟಾರ್ ವಾದಕ ಲಿಂಡ್ಸೆ ಬಕಿಂಗ್‌ಹ್ಯಾಂ. ಅವರು ಬರೆದ ಒಂಬತ್ತನ್ನೂ ಬಿಟ್ಟು ಕ್ರಿಸ್ಟೀನ್ ಅವರ ಆರು, ಇನ್ನೊಬ್ಬ ಗಾಯಕಿ ಸ್ಟೀವಿ ನಿಕ್ಸ್ ಅವರ ಐದು ಹಾಡುಗಳನ್ನು ಮಾತ್ರ ಕೇಳಿದರೆ ಆಲ್ಬಮ್‌ಗೆ ಅನ್ಯಾಯವಾಗುತ್ತದೆಯೇ?

ಹಳೆಯ ಸೂಜಿ:
ಮೇಡಂ, ನಿಮ್ಮ ಕಿವಿ ಸರಿಯಾಗಿಯೇ ಹಿಡಿದಿದೆ. ಬಕಿಂಗ್‌ಹ್ಯಾಂ ತಮ್ಮ ಹಾಡುಗಳಲ್ಲಿ ಹಲವನ್ನು ಮನೆಯಲ್ಲೇ ಧ್ವನಿಮುದ್ರಿಸಲು ಆರಂಭಿಸಿದ್ದರು. ಬಚ್ಚಲುಮನೆಯಲ್ಲಿ ಮೈಕ್ ಇಟ್ಟು ಹಾಡಿದ್ದೂ ಉಂಟು, ಟಿಶ್ಯೂ ಪೆಟ್ಟಿಗೆಯನ್ನು ಡ್ರಮ್‌ನಂತೆ ಬಡಿದದ್ದೂ ಉಂಟು. ಪಂಕ್ ಮತ್ತು ನ್ಯೂ ವೇವ್ ಎಂಬ ಆಗಿನ ಹೊಸ ರಾಕ್ ಶೈಲಿಗಳನ್ನು ಕೇಳಿ, ಇನ್ನೊಂದು ‘ರೂಮರ್ಸ್’ ಮಾಡುವುದಿಲ್ಲ ಎಂದು ಹಟ ಹಿಡಿದಿದ್ದರು. ನನಗೆ ಆ ಹಟವೇ ಇಷ್ಟ. ‘ದ ಲೆಜ್’ ಎರಡೇ ನಿಮಿಷದ ಹಾಡು. ಅಷ್ಟು ಹೊತ್ತು ತಡೆದುಕೊಂಡರೆ, ಬೆನ್ನಿಗೇ ಬರುವ ಕ್ರಿಸ್ಟೀನ್ ಅವರ ‘ಥಿಂಕ್ ಅಬೌಟ್ ಮಿ’ ಇನ್ನಷ್ಟು ಬೆಚ್ಚಗೆ ಕೇಳಿಸುತ್ತದೆ. ಬಕಿಂಗ್‌ಹ್ಯಾಂ ಅವರನ್ನು ತೆಗೆದರೆ ಕ್ರಿಸ್ಟೀನ್ ಅವರ ಹಾಡೂ ಸಪ್ಪೆಯಾಗುತ್ತದೆ. ಇಪ್ಪತ್ತನ್ನೂ ಒಂದೇ ಸಲ ಕೇಳಬೇಡಿ. ಒಂದೊಂದು ಬದಿಗೆ ಐದೈದು ಹಾಡು. ದಿನಕ್ಕೆ ಒಂದು ಬದಿ ಸಾಕು.

ಬೇಸ್ ತಂತಿ:
ನಾನು ಒಪ್ಪುವುದಿಲ್ಲ ಸರ್. ಹತ್ತು ಲಕ್ಷ ಡಾಲರ್‌ಗೂ ಮೀರಿ ಖರ್ಚು ಮಾಡಿದ ಆಲ್ಬಮ್‌ನಲ್ಲಿ ಇಷ್ಟೊಂದು ಹಾಡುಗಳು ಕರಡಿನ ಹಾಗೆ ಕೇಳಿಸಬಾರದು. ‘ದಟ್ಸ್ ಇನಫ್ ಫಾರ್ ಮಿ’ ಹತ್ತು ಸಲ ಕೇಳಿದ್ದೇನೆ, ಮನಸ್ಸಿನಲ್ಲಿ ಏನೂ ಉಳಿಯಲಿಲ್ಲ. ಬಕಿಂಗ್‌ಹ್ಯಾಂ ಅವರ ಹುಚ್ಚು ನನಗೆ ಹಿಡಿಸುವುದು ಶೀರ್ಷಿಕೆ ಗೀತೆ ಒಂದರಲ್ಲೇ. ಲಾಸ್ ಏಂಜಲೀಸ್‌ನ ಖಾಲಿ ಡಾಡ್ಜರ್ ಕ್ರೀಡಾಂಗಣದಲ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಬ್ಯಾಂಡಿನಿಂದ ನುಡಿಸಿದ ಹಾಡು ಅದು. ಆ ಕಹಳೆಗಳು ಏರುವಾಗ ಇಂದಿಗೂ ಮೈ ಜುಮ್ಮೆನ್ನುತ್ತದೆ. ಒಂದೇ ತಟ್ಟೆ ಮಾಡಿ ಹತ್ತೇ ಹಾಡು ಇಟ್ಟಿದ್ದರೆ ‘ರೂಮರ್ಸ್’ ಪಕ್ಕದಲ್ಲಿ ನಿಲ್ಲುತ್ತಿತ್ತು.

ದೂರದ ಕೇಳುಗ:
ಎಲ್‌ಪಿ ಸಿಕ್ಕಿದ್ದು ನಿಮ್ಮ ಪುಣ್ಯ. ನಾನು ಬಹಳ ಕಾಲ ಕೇಳಿದ್ದು ಮೊದಲ ಸಿಡಿಯನ್ನು. ಎರಡು ತಟ್ಟೆಯನ್ನು ಒಂದೇ ಸಿಡಿಗೆ ಇಳಿಸಲು ಸ್ಟೀವಿಯವರ ‘ಸಾರಾ’ವನ್ನೇ ಕತ್ತರಿಸಿದ್ದರು. ಆರು ನಿಮಿಷ ದಾಟುವ ಹಾಡು ನಾಲ್ಕೂವರೆ ನಿಮಿಷಕ್ಕೆ ಬಂದಿತ್ತು. ಪೂರ್ತಿ ಹಾಡನ್ನು ಮೊದಲ ಸಲ ಕೇಳಿದಾಗ, ಮುಗಿಯಿತು ಎಂದುಕೊಂಡ ಜಾಗದಿಂದ ಅದು ಮತ್ತೆ ಹೊರಟಿತು. ಬಸ್ಸಿನಲ್ಲಿದ್ದೆ, ಇಳಿಯಬೇಕಾದ ನಿಲ್ದಾಣ ದಾಟಿಹೋಯಿತು. ಮೂರನೆಯ ಬದಿಯ ‘ಬ್ರೌನ್ ಐಸ್’ ಹಾಡನ್ನೂ ಕೊನೆಯವರೆಗೆ ಕೇಳಿ. ಅಲ್ಲಿ ಪೀಟರ್ ಗ್ರೀನ್ ಗಿಟಾರ್ ನುಡಿಸಿದ್ದಾರೆ. ಈ ತಂಡವನ್ನು ಕಟ್ಟಿದವರು ಅವರು, ಆದರೆ ಹೊದಿಕೆಯಲ್ಲಿ ಅವರ ಹೆಸರು ಹಾಕಿರಲಿಲ್ಲ.

ಸಂಜೆಮಲ್ಲಿಗೆ:
ಎಲ್ಲರಿಗೂ ಧನ್ಯವಾದ. ನಿನ್ನೆ ರಾತ್ರಿ ಎರಡನೆಯ ಬದಿಯನ್ನು ಎಲ್ಲೂ ಬಿಡದೆ ಕೇಳಿದೆ. ಸ್ಟೀವಿಯವರ ‘ಸ್ಟಾರ್ಮ್ಸ್’ ಮುಗಿದ ಮೇಲೆ ಒಂದು ನಿಧಾನವಾದ ಹಾಡು ಬಂತು. ಒಂದರ ಮೇಲೊಂದು ದನಿ, ನೀರಿನ ಮೇಲೆ ತೇಲಿದ ಹಾಗೆ. ಇದೂ ಸ್ಟೀವಿಯವರದೇ ಬರವಣಿಗೆ ಇರಬೇಕು ಎಂದುಕೊಂಡೆ. ತಟ್ಟೆಯ ನಡುವಿನ ಚೀಟಿಯನ್ನು ದೀಪದ ಕೆಳಗೆ ಹಿಡಿದು ಓದಿದರೆ ‘ದಟ್ಸ್ ಆಲ್ ಫಾರ್ ಎವ್ರಿವನ್’, ಬಕಿಂಗ್‌ಹ್ಯಾಂ. ಅದನ್ನೇ ಮೂರು ಸಲ ಹಾಕಿದೆ. ‘ನಾಟ್ ದಟ್ ಫನ್ನಿ’ ಇನ್ನೂ ಕಿವಿಗೆ ಒರಟಾಗಿಯೇ ಇದೆ, ಆದರೆ ಈ ಸಲ ಸೂಜಿ ಎತ್ತಲಿಲ್ಲ. ಇವತ್ತು ಮೂರನೆಯ ಬದಿ.