ದ್ವಿತೀಯ ಪಿಯುಸಿ ಓದಿಗೆ ದಿನಕ್ಕೆ ಎರಡೂವರೆ ಗಂಟೆ ಮಾತ್ರ ಸಿಗುತ್ತೆ. ಅನುಭವ ಇದ್ದವರು ದಾರಿ ಹೇಳಿ

ಪ್ರಶ್ನೆ

ನಾನು ಹೊಸದುರ್ಗ ತಾಲ್ಲೂಕಿನ ಹಳ್ಳಿಯವಳು. ದ್ವಿತೀಯ ಪಿಯುಸಿ, ಪಿಸಿಎಂಬಿ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಬಯಾಲಜಿ). ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ. ಬೆಳಗ್ಗೆ 7.40ರ ಬಸ್ಸಿಗೆ ಹೋದರೆ ಮನೆ ಸೇರೋದು ಸಂಜೆ 6ಕ್ಕೆ. ಹಾಲು ಕರೆದು, ಡೇರಿಗೆ ಹಾಕಿ ಬಂದು, ಅಮ್ಮನ ಜೊತೆ ಅಡುಗೆ ಕೆಲಸ ಮುಗಿಸಿ ಪುಸ್ತಕ ಹಿಡಿಯೋ ಹೊತ್ತಿಗೆ 8 ಆಗುತ್ತೆ. ಊಟ ಬಿಟ್ಟು 11ರವರೆಗೆ ಓದ್ತೀನಿ. ಆದ್ರೂ ಮಧ್ಯವಾರ್ಷಿಕದಲ್ಲಿ ಕೆಮಿಸ್ಟ್ರಿಗೆ 70ಕ್ಕೆ 24 ಬಂತು. ಓದುವಾಗ ಎಲ್ಲಾ ಗೊತ್ತಿದ್ದ ಹಾಗೇ ಇರುತ್ತೆ, ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಏನೂ ಹೊಳೆಯಲ್ಲ. ನಾಲ್ಕು ಟೈಮ್‌ಟೇಬಲ್ ಮಾಡಿದೆ, ಒಂದೂ ವಾರ ದಾಟಲಿಲ್ಲ. ಟ್ಯೂಷನ್‌ಗೆ ಹೋಗೋ ಅನುಕೂಲ ಇಲ್ಲ. ಏನು ಮಾಡಲಿ?

ಕೆಮಿಸ್ಟ್ರಿ ಉಪನ್ಯಾಸಕಿ, ಸರ್ಕಾರಿ ಪಿಯು ಕಾಲೇಜು

ಮಗಳೇ, “ಓದುವಾಗ ಎಲ್ಲಾ ಗೊತ್ತಿದ್ದ ಹಾಗೇ ಇರುತ್ತೆ” ಅಂತ ಬರೆದಿದ್ದೀಯಲ್ಲ, ತೊಂದರೆ ಇರೋದು ಅಲ್ಲೇ. ಇಪ್ಪತ್ತೆರಡು ವರ್ಷದಿಂದ ಪಾಠ ಮಾಡ್ತಿದ್ದೀನಿ. ಕಡಿಮೆ ಅಂಕ ಬಂತು ಅಂತ ಅಳುತ್ತಾ ಬರೋ ಮಕ್ಕಳಲ್ಲಿ ಹೆಚ್ಚಿನವರು ಇದೇ ಮಾತು ಹೇಳ್ತಾರೆ. ಅವರು ಸೋಮಾರಿಗಳಲ್ಲ. ಒಂದೇ ಪುಟವನ್ನ ನಾಲ್ಕು ಸಲ ಓದಿ, ಗೆರೆ ಎಳೆದು, ಬಣ್ಣ ಹಚ್ಚಿರ್ತಾರೆ. ಪುಟ ಕಣ್ಣಿಗೆ ಪರಿಚಯ ಆಗಿರುತ್ತೆ, ಅಷ್ಟೇ. ಪರೀಕ್ಷೆಯಲ್ಲಿ ಪುಟ ಎದುರಿಗೆ ಇರಲ್ಲ.

ಅದಕ್ಕೇ ನಾನು ಹೇಳೋದು: ಪುಸ್ತಕ ತೆರೆದಿಟ್ಟಷ್ಟೇ ಹೊತ್ತು ಮುಚ್ಚಿಟ್ಟು ಓದು. ಇವತ್ತು ಆಲ್ಡಿಹೈಡ್, ಕೀಟೋನ್ ಪಾಠ ತಗೊಂಡೆ ಅಂತಿಟ್ಟುಕೋ. ಇಪ್ಪತ್ತೈದು ನಿಮಿಷ ಓದು. ಪುಸ್ತಕ ಮುಚ್ಚು. ಖಾಲಿ ಹಾಳೆಯಲ್ಲಿ ನೆನಪಿಗೆ ಬಂದಷ್ಟು ಬರಿ, ನೆನಪಾಗದ ಕಡೆ ಜಾಗ ಬಿಡು. ಆಮೇಲೆ ಪುಸ್ತಕ ತೆಗೆದು ಬಿಟ್ಟುಹೋದದ್ದನ್ನ ಕೆಂಪು ಪೆನ್ನಿನಲ್ಲಿ ತುಂಬು. ಉದಾಹರಣೆಗೆ ಆ ಪಾಠದ ಎರಡು ಕ್ರಿಯೆ ನೋಡು: ಆಲ್ಡಾಲ್ ಕಂಡೆನ್ಸೇಷನ್‌ಗೆ ಆಲ್ಫಾ ಹೈಡ್ರೋಜನ್ ಬೇಕು. ಅದಿಲ್ಲದ ಫಾರ್ಮಾಲ್ಡಿಹೈಡ್, ಬೆನ್ಜಾಲ್ಡಿಹೈಡ್ ಗಾಢ ಕ್ಷಾರದಲ್ಲಿ ಕ್ಯಾನಿಜಾರೊ ಕ್ರಿಯೆಗೆ ಹೋಗ್ತವೆ. ಇದನ್ನ ಹತ್ತು ಸಲ ಓದಿದವರೂ ಪರೀಕ್ಷೆಯಲ್ಲಿ ಅದಲು ಬದಲು ಮಾಡ್ತಾರೆ. ಒಂದು ಸಲ ತಾನೇ ತಪ್ಪು ಬರೆದು, ಕೆಂಪು ಇಂಕಿನಲ್ಲಿ ತಿದ್ದಿಕೊಂಡವರು ಅಷ್ಟು ಸುಲಭಕ್ಕೆ ಮರೆಯಲ್ಲ.

ಮೊದಲ ವಾರ ಹಾಳೆಯ ತುಂಬ ಕೆಂಪೇ ಇರುತ್ತೆ. ಬೇಜಾರಾಗಿ ಹಳೇ ಪದ್ಧತಿಗೆ ಮರಳಬೇಡ. ಇದು ನನ್ನೊಬ್ಬಳ ನಂಬಿಕೆ ಅಲ್ಲ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಅನ್ನೋ ಮನೋವಿಜ್ಞಾನಿಗಳು ಅಮೆರಿಕದ ಕಾಲೇಜು ವಿದ್ಯಾರ್ಥಿಗಳ ಮೇಲೆ ಪರೀಕ್ಷೆ ಮಾಡಿ ನೋಡಿದರು. ಓದಿದ ಐದು ನಿಮಿಷಕ್ಕೆ ಕೇಳಿದಾಗ, ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ, ನೆನಪಿನಿಂದ ಬರೆದು ನೋಡಿಕೊಂಡಿದ್ದವರು ಅವರನ್ನ ಹಿಂದೆ ಹಾಕಿದ್ದರು. ನಿನ್ನ ಪರೀಕ್ಷೆ ಐದು ನಿಮಿಷಕ್ಕಲ್ಲ, ತಿಂಗಳುಗಳ ಮೇಲೆ ಬರೋದು.

ಇನ್ನು ಟೈಮ್‌ಟೇಬಲ್. ನಾಲ್ಕೂ ಯಾಕೆ ನಿಲ್ಲಲಿಲ್ಲ ಅಂದರೆ, ಹಾಲು ಕರೆಯೋದು, ಕರೆಂಟ್ ಹೋಗೋದು, ಮನೆಗೆ ನೆಂಟರು ಬರೋದು ಯಾವುದಕ್ಕೂ ಅದರಲ್ಲಿ ಜಾಗ ಇರಲಿಲ್ಲ ಅನ್ನಿಸುತ್ತೆ. ಗಂಟೆ ಲೆಕ್ಕ ಬಿಡು. ಮೂರು ದಿನ ಸುಮ್ಮನೆ, ಎಷ್ಟು ಹೊತ್ತಿಗೆ ಏನು ಮಾಡಿದೆ ಅಂತ ಬರೆದಿಡು. ಆಮೇಲೆ ರಾತ್ರಿಗೆ ಎರಡೇ ವಿಷಯ ಇಟ್ಟುಕೋ. ವಾರಕ್ಕೆ ಐದು ರಾತ್ರಿ ಮಾತ್ರ ತುಂಬು, ಎರಡು ಖಾಲಿ ಬಿಡು. ತಪ್ಪಿದ್ದೆಲ್ಲ ಆ ಎರಡು ರಾತ್ರಿಗೆ ಹೋಗಲಿ. ಓದಿದ ಪಾಠದ ಪಕ್ಕ ತಾರೀಖು ಹಾಕು. ಮೂರು ದಿನ ಆದ ಮೇಲೆ ಒಮ್ಮೆ, ವಾರ ಆದ ಮೇಲೆ ಒಮ್ಮೆ, ತಿಂಗಳಾದ ಮೇಲೆ ಒಮ್ಮೆ ಆ ಪಾಠ ಖಾಲಿ ಹಾಳೆಯ ಮೇಲೆ ಬರಬೇಕು. ಹತ್ತು ನಿಮಿಷ ಸಾಕು ಅದಕ್ಕೆ.

ಕನ್ನಡ ಮೀಡಿಯಂನಿಂದ ಬಂದವಳು, ಈಗ ನರ್ಸ್

ಮೇಡಂ ಹೇಳಿದ್ದು ಸರಿ. ಆದರೆ ತಂಗಿ, ನಿನ್ನ ಹೊತ್ತು ತಿನ್ನುತ್ತಿರೋದು ಇಂಗ್ಲಿಷ್ ಇರಬಹುದು, ಅದನ್ನೂ ನೋಡಿಕೋ. ಫಸ್ಟ್ ಪಿಯುಸಿಯಲ್ಲಿ ಒಂದು ಪುಟ ದಾಟೋಕೆ ನನಗೆ ಮುಕ್ಕಾಲು ಗಂಟೆ ಹಿಡೀತಿತ್ತು. ನನಗೆ ವಿಜ್ಞಾನ ತಲೆಗೆ ಹತ್ತಲ್ಲ ಅಂತಲೇ ಅಂದುಕೊಂಡಿದ್ದೆ. ವೇಗೋತ್ಕರ್ಷ ನನಗೆ ಚೆನ್ನಾಗಿ ಗೊತ್ತಿತ್ತು. ಆಕ್ಸಲರೇಷನ್ ಅಂದರೂ ಅದೇ ಅಂತ ತಲೆ ಒಪ್ಪೋಕೆ ದಿನ ಹಿಡೀತು. ಜಡತ್ವ, ಇನರ್ಷಿಯಾ, ಪರಾಗಸ್ಪರ್ಶ, ಪಾಲಿನೇಷನ್. ನೂರು ಪುಟದ ನೋಟ್‌ಬುಕ್ಕಿನಲ್ಲಿ ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಹತ್ತನೇ ಕ್ಲಾಸಿನ ಕನ್ನಡ ಪದ ಬರೀತಾ ಹೋದೆ. ಪ್ರಶ್ನೆಯಲ್ಲಿ ಬರೋ ಸ್ಟೇಟ್, ಡಿರೈವ್, ಜಸ್ಟಿಫೈ, ಡಿಸ್ಟಿಂಗ್ವಿಶ್ ಇವನ್ನೂ ಬರೆದುಕೊಂಡೆ. ‘ಡಿಸ್ಟಿಂಗ್ವಿಶ್’ ಅಂದರೆ ವ್ಯತ್ಯಾಸ ಕೇಳ್ತಿದ್ದಾರೆ ಅಂತ ಗೊತ್ತಾಗದೆ ಎರಡರ ವ್ಯಾಖ್ಯೆ ಬರೆದು ಅಂಕ ಕಳಕೊಂಡಿದ್ದೆ. ಮೂರು ತಿಂಗಳಲ್ಲಿ ಅವೇ ಪದಗಳು ತಿರುಗಿ ತಿರುಗಿ ಬರೋಕೆ ಶುರುವಾದವು, ಪುಟಕ್ಕೆ ಹತ್ತು ನಿಮಿಷ ಸಾಕಾಯ್ತು.

ಇನ್ನೊಂದು. ಅಡುಗೆ ಮನೆಯಲ್ಲಿ ಇರೋ ಹೊತ್ತು ದಂಡ ಅಂದುಕೊಳ್ಳಬೇಡ. ಅವತ್ತಿನ ಪಾಠವನ್ನ ನಮ್ಮಮ್ಮನಿಗೆ ಕನ್ನಡದಲ್ಲಿ ಹೇಳ್ತಿದ್ದೆ. ಮೆಕ್ಕೆಜೋಳದ ತೆನೆ ತುದಿಯ ರೇಷ್ಮೆಯಂಥ ಕೂದಲು ಹೂವಿನ ಶಲಾಕೆ, ಗಾಳಿಯಲ್ಲಿ ಬರೋ ಪರಾಗ ಅದಕ್ಕೇ ಅಂಟಿಕೊಳ್ಳೋದು ಅಂದಾಗ ಅಮ್ಮ, “ಹಾಗಾದ್ರೆ ಮಳೆ ಹಿಡಿದ ವರ್ಷ ತೆನೆಯಲ್ಲಿ ಅಲ್ಲಲ್ಲಿ ಕಾಳು ಕಟ್ಟದೇ ಇರೋದು ಅದಕ್ಕೇನಾ?” ಅಂತ ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ. ಮಾರನೇ ದಿನ ಸರ್ ಹತ್ತಿರ ಹೋಗಿ ಕೇಳಿದೆ. ಆ ಪಾಠ ಇವತ್ತಿಗೂ ನನಗೆ ಬಾಯಿಗಿದೆ.

ಬಾಗಲಕೋಟೆ ಕಡೆಯ ಡಿಗ್ರಿ ವಿದ್ಯಾರ್ಥಿ

ತಂಗಿ, ನಸಿಕಿನ್ಯಾಗ ನಾಕಕ್ಕ ಏಳು ಅಂತ ಯಾರರ ಹೇಳ್ತಾರ. ಹನ್ನೊಂದಕ್ಕ ಮಲಗಿ ನಾಕಕ್ಕ ಏಳಬ್ಯಾಡ. ನಾ ಎರಡು ತಿಂಗಳು ಹಂಗ ಮಾಡಿ ನೋಡೇನಿ. ಕ್ಲಾಸಿನ್ಯಾಗ ಕಣ್ಣು ಎಳೀತಿದ್ವು, ಸರ್ ಹೇಳಿದ್ದು ತಲಿಗೆ ಹತ್ತತಿರಲಿಲ್ಲ, ಆ ಪಾಠ ಮತ್ತ ಮನ್ಯಾಗ ಮೊದಲಿಂದ ಓದಬೇಕಾಗ್ತಿತ್ತು. ಓದಿದ್ದು ಗಟ್ಟಿ ಆಗೂದು ನಿದ್ದ್ಯಾಗ. ಬೇಕಾದ್ರ ಹತ್ತಕ್ಕ ಮಲಗಿ ಐದಕ್ಕ ಏಳು. ಫೋನ್ ಅವ್ವನ ಕೈಯಾಗ ಕೊಟ್ಟು ಕೂಡು. ಬಾಜೂಕ ಉಲ್ಟಾ ಇಟ್ರೂ ಮನಸ್ಸು ಅದರ ಮ್ಯಾಲೇ ಇರ್ತದ.

ಎಂಜಿನಿಯರಿಂಗ್ ಮೂರನೇ ವರ್ಷ, ಮೈಸೂರು

ಸಿಇಟಿ ಬರೆಯೋ ಯೋಚನೆ ಇದ್ದರೆ ಎರಡಕ್ಕೂ ಬೇರೆ ಬೇರೆ ಓದು ಅಂತ ಹೆದರಬೇಡಿ. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯ ಪಿಸಿಎಂ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಬೋರ್ಡ್ ಪರೀಕ್ಷೆಗೆ ಸರಿಯಾಗಿ ಓದಿದ್ದು ಎರಡು ಕಡೆಗೂ ಬರುತ್ತೆ. ಸಿಇಟಿಯಲ್ಲಿ ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ, ತಪ್ಪಿಗೆ ಅಂಕ ಕಳೆಯಲ್ಲ. ಭಾನುವಾರ ಒಂದು ಹಳೇ ಪತ್ರಿಕೆ ತಗೊಂಡು ಗಡಿಯಾರ ಇಟ್ಟು ಬರೀರಿ. ತಪ್ಪಾದದ್ದನ್ನ ಮೂರು ಗುಂಪು ಮಾಡಿ: ಗೊತ್ತೇ ಇರಲಿಲ್ಲ, ಗೊತ್ತಿತ್ತು ಆದರೆ ಮರೆತೆ, ಪ್ರಶ್ನೆ ಸರಿಯಾಗಿ ಓದಲಿಲ್ಲ. ನನ್ನ ಮೊದಲ ಪತ್ರಿಕೆಗಳಲ್ಲಿ ಮೂರನೇ ಗುಂಪೇ ದೊಡ್ಡದಿತ್ತು. ಅದಕ್ಕೆ ಇನ್ನಷ್ಟು ಗಂಟೆ ಓದಿ ಪ್ರಯೋಜನ ಇರಲಿಲ್ಲ, ಪ್ರಶ್ನೆಯ ಕೊನೇ ಪದದವರೆಗೆ ಬೆರಳಿಟ್ಟು ಓದೋದನ್ನ ಕಲಿತೆ. ಮ್ಯಾಥ್ಸ್‌ಗೆ ಮಾತ್ರ ಒಂದು ಮಾತು: ಬಿಡಿಸಿದ ಲೆಕ್ಕ ಓದೋದು ಲೆಕ್ಕ ಮಾಡಿದ ಹಾಗಲ್ಲ. ಉತ್ತರದ ಮೇಲೆ ಹಾಳೆ ಮುಚ್ಚಿ ಹತ್ತು ನಿಮಿಷ ಒದ್ದಾಡಿ, ಆಮೇಲೆ ನೋಡಿ.

ಪ್ರಶ್ನೆ ಕೇಳಿದವಳು, ಹತ್ತು ದಿನದ ನಂತರ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎಂಟು ರಾತ್ರಿ ಖಾಲಿ ಹಾಳೆ ಮಾಡಿದೆ, ಎರಡು ರಾತ್ರಿ ಆಗಲಿಲ್ಲ, ಊರಲ್ಲಿ ಹಬ್ಬ ಇತ್ತು. ಮೊದಲ ದಿನ ಹಾಳೆಯಲ್ಲಿ ಆರು ಸಾಲು ಬರೆಯೋಕೂ ಆಗಲಿಲ್ಲ, ಅತ್ತುಬಿಟ್ಟೆ. ನಿನ್ನೆ ಅದೇ ಪಾಠ ಎರಡು ಪುಟ ಬಂತು. ಬಸ್ಸಿನಲ್ಲಿ ಪದಗಳ ನೋಟ್‌ಬುಕ್ ನೋಡ್ತೀನಿ. ಸಂಜೆ ಡೇರಿಗೆ ಹಾಲು ಹಾಕೋಕೆ ಈಗ ತಮ್ಮ ಹೋಗ್ತಾನೆ, ಅಪ್ಪನೇ ಹೇಳಿದರು. ಎಲೆಕ್ಟ್ರೋಕೆಮಿಸ್ಟ್ರಿ ಲೆಕ್ಕದಲ್ಲಿ ಲಾಗ್ ಬಂದ ಕಡೆ ಈಗಲೂ ನಿಂತುಬಿಡ್ತೀನಿ. ಪ್ರತಿ ಸಲ ಲಾಗ್ ಟೇಬಲ್‌ನಲ್ಲಿ ಹುಡುಕೋದರಲ್ಲೇ ಹೊತ್ತು ಹೋಗುತ್ತೆ. ಇದಕ್ಕೇನಾದರೂ ಇದೆಯಾ ಮೇಡಂ?

ಕೆಮಿಸ್ಟ್ರಿ ಉಪನ್ಯಾಸಕಿ

ಇದೆ ಮಗಳೇ. ಲಾಗ್ 2 ಅಂದರೆ 0.3010, ಲಾಗ್ 3 ಅಂದರೆ 0.4771. ಎರಡೇ ಬಾಯಿಪಾಠ ಮಾಡು. 4 ಬೇಕಾದರೆ ಮೊದಲನೆಯದರ ಎರಡರಷ್ಟು, 6 ಬೇಕಾದರೆ ಎರಡನ್ನೂ ಕೂಡು, 5 ಬೇಕಾದರೆ 1ರಿಂದ 0.3010 ಕಳೆ. ಇವತ್ತು ರಾತ್ರಿ ನರ್ನ್‌ಸ್ಟ್ ಸಮೀಕರಣದ ಮೂರು ಲೆಕ್ಕ ಟೇಬಲ್ ಮುಟ್ಟದೆ ಮಾಡು, ಎಲ್ಲಿ ನಿಂತೆ ಅಂತ ನಾಳೆ ಬರಿ.